ಹಿಂದೆ ಉಳಿದ ಹುಡುಗ

ನಾನಿರುವುದು ಬೆಂಗಳೂರಿನ ಆರ್.ಟಿ. ನಗರದಲ್ಲಿ. ಈ ಎರಡು ಇಂಗ್ಲಿಷ್ ಅಕ್ಷರಗಳ ಹಿಂದೆ ಅಡಗಿ ಕುಳಿತ ಮಹನೀಯರು ಯಾರೆಂದು ನಮ್ಮ ಬೀದಿಯಲ್ಲಿ ಹತ್ತು ಜನರನ್ನು ಕೇಳಿ ನೋಡಿ. ಐದು ಜನ ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ತಲೆಯಾಡಿಸುತ್ತಾರೆ. ಮೂವರು, ಆರ್.ಟಿ.ಓ. ಆಫೀಸಿಗೂ ಇದಕ್ಕೂ ಏನೋ ಸಂಬಂಧವಿರಬೇಕೆಂದು ಊಹಿಸುತ್ತಾರೆ. ಉಳಿದಿಬ್ಬರು, "ಯಾಕೆ ಸ್ವಾಮಿ, ಸೈಟು ಏನಾದರೂ ನೋಡುತ್ತಿದ್ದೀರಾ?" ಎಂದು ನಮ್ಮನ್ನೇ ಕೇಳುತ್ತಾರೆ. ಇದು ರವೀಂದ್ರನಾಥ ಟಾಗೂರರ ಹೆಸರಿನ ಬಡಾವಣೆ ಎಂದರೆ, "ಹೌದೆ!" ಎಂದು ಸೌಜನ್ಯಕ್ಕಾಗಿ ಆಶ್ಚರ್ಯಪಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅವರನ್ನು ಅಂದು ಫಲವಿಲ್ಲ. ಕನ್ನಡ ಎಂ.ಎ. ಮಾಡಿ, ಇಪ್ಪತ್ತು ವರ್ಷದಿಂದ ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿರುವ ನಾನೇ ಆ ಹೆಸರನ್ನು ಮರೆತಿದ್ದೆ. ಅದನ್ನು ನೆನಪಿಗೆ ತಂದುಕೊಟ್ಟದ್ದು ಒಂದು ಆಸ್ಪತ್ರೆ. ಆ ಕಥೆಯನ್ನು ಕ್ರಮವಾಗಿ ಹೇಳುತ್ತೇನೆ.

ನಮ್ಮಕ್ಕನ ಮಗ, ಏಳು ವರ್ಷದವನು, ಚಿಕ್ಕಬಳ್ಳಾಪುರದ ಹತ್ತಿರದ ಅವರ ಹಳ್ಳಿಯಲ್ಲಿ ಸೀಬೆಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಬಳ್ಳಾರಿ ರಸ್ತೆಯ ಮಗ್ಗುಲಿನ ಆಸ್ಪತ್ರೆಯೊಂದಕ್ಕೆ ತಂದು ಸೇರಿಸಿದರು. ಡಾಕ್ಟರು ಕಾಲಿಗೆ ತೂಕ ಕಟ್ಟಿ ಇಳಿಬಿಟ್ಟು, ಕೆಲವು ವಾರ ಅಲುಗಾಡಕೂಡದೆಂದು ಅಪ್ಪಣೆ ಮಾಡಿದರು. ಏಳು ವರ್ಷದ ಹುಡುಗನಿಗೆ ಅಲುಗಾಡಬೇಡವೆನ್ನುವುದೂ ಹೊಳೆಗೆ ಹರಿಯಬೇಡವೆನ್ನುವುದೂ ಒಂದೇ. ಆದರೆ ನಮ್ಮಕ್ಕನ ಚಿಂತೆ ಬೇರೆ. "ಮೂಳೆ ಕೂಡಿಕೊಳ್ಳುತ್ತಂತೆ ಕಣೋ. ಈಗ ತಾನೆ ಐದರ ಮಗ್ಗಿಗೆ ಬಂದಿದ್ದ. ಅದು ಮರೆತುಹೋದರೆ ಏನು ಗತಿ?" ಎಂದು ಕಣ್ಣೊರೆಸಿಕೊಂಡಳು. ಮೇಷ್ಟ್ರ ಮನೆತನದಲ್ಲಿ ಹುಟ್ಟಿದವಳು. ಅವಳ ದುಃಖ ನನಗೆ ಅರ್ಥವಾಯಿತು.

ನಾಲ್ಕನೆಯ ದಿನ ನಾನು ಹೋದಾಗ ಹುಡುಗನೂ ಇಲ್ಲ, ಅವನ ಮಂಚವೂ ಇಲ್ಲ. ಎದೆ ಧಸಕ್ಕೆಂದಿತು. ಪಕ್ಕದ ಮಂಚದ ಅಜ್ಜಿಯೊಬ್ಬರು, "ಸ್ಕೂಲಿಗೆ ಹೋಗವ್ನೆ ಕಣಪ್ಪ" ಎಂದರು. ಮಂಚದ ಸಮೇತ ಸ್ಕೂಲಿಗೆ ಹೋಗುವ ವಿದ್ಯಾರ್ಥಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. (ಸ್ಕೂಲಿಗೆ ಬಂದು ಮಂಚದಲ್ಲಿದ್ದಂತೆ ನಿದ್ರಿಸುವವರು ನನ್ನ ತರಗತಿಯಲ್ಲಿಯೇ ಬೇಕಾದಷ್ಟಿದ್ದಾರೆ.) ವಾರ್ಡಿನ ಕೊನೆಗೆ ಹೋಗಿ ನೋಡಿದೆ. ಹಿಂದೊಮ್ಮೆ ಉಗ್ರಾಣವಾಗಿದ್ದಿರಬಹುದಾದ ಉದ್ದನೆಯ ಕೋಣೆ. ಬಾಗಿಲಿಗೆ ಕಾಗದದ ಮೇಲೆ ದುಂಡಗೆ ಬರೆದು ಅಂಟಿಸಿದ 'ಶಾಲೆ' ಎಂಬ ಎರಡಕ್ಷರ. ಒಳಗೆ ಗೋಡೆಗೆ ಒರಗಿಸಿದ ಕರಿಹಲಗೆ, ಐದಾರು ಪುಟ್ಟ ಕುರ್ಚಿ, ಎರಡು ಗಾಲಿಕುರ್ಚಿ, ನಮ್ಮ ಹುಡುಗನ ಮಂಚ. ಅಲ್ಲಲ್ಲಿ ಗ್ಲೂಕೋಸ್ ಬಾಟಲಿ ತೂಗುಹಾಕಿದ ಕಂಬಗಳು ತೋಪಿನ ಮರಗಳಂತೆ ನಿಂತಿದ್ದವು. ಅವುಗಳ ನಡುವೆ ಐವತ್ತರ ಆಸುಪಾಸಿನ ಟೀಚರಮ್ಮ ಒಬ್ಬರು ಹಾಜರಿ ಕರೆಯುತ್ತಿದ್ದರು. ಪ್ರತಿಯೊಂದು ಮಗುವೂ ಮೂಗುಬಾಯಿ ಮುಚ್ಚಿದ ಬಟ್ಟೆಯೊಳಗಿನಿಂದ "ಹಾಜರ್" ಎನ್ನುತ್ತಿತ್ತು.

ನಾನು ಕನ್ನಡ ಅಧ್ಯಾಪಕನೆಂದು ತಿಳಿದ ಕೂಡಲೆ ಆಕೆ ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ಅಳೆದು ನೋಡಿದರು. "ಪಾಠ ನಾನೇ ಮಾಡ್ತೀನಿ ಮೇಷ್ಟ್ರೇ. ಶನಿವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಪಾಠ ಅಲ್ಲದ್ದನ್ನ ಏನಾದರೂ ಮಾಡೋರು ಬೇಕು. ಬರ್ತೀರಾ?" ಎಂದರು. ಪಾಠ ಅಲ್ಲದ್ದು! ಇಪ್ಪತ್ತು ವರ್ಷದಲ್ಲಿ ನಾನು ಪಾಠವೊಂದನ್ನು ಬಿಟ್ಟು ಮತ್ತೇನನ್ನೂ ಮಾಡಿದವನಲ್ಲ. ಆದರೂ ಅಕ್ಕ ಪಕ್ಕದಲ್ಲೇ ನಿಂತಿದ್ದಳು, ಒಪ್ಪಿಕೊಂಡೆ.

ಆಸ್ಪತ್ರೆಯಲ್ಲಿ ಶಾಲೆ ಏಕೆ ಬೇಕು ಎಂದು ಕೇಳುವವರುಂಟು. ನಾಲ್ಕು ದಿನದ ಜ್ವರಕ್ಕೆ ಬೇಕಾಗಿಲ್ಲ, ನಿಜ. ಆದರೆ ಮಕ್ಕಳ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಥಲಸ್ಸೇಮಿಯಾ ಎಂಬ ಕಾಯಿಲೆಯ ಮಗು ಎರಡು ಮೂರು ವಾರಕ್ಕೊಮ್ಮೆ ಬಂದು ರಕ್ತ ಹಾಕಿಸಿಕೊಂಡು ಹೋಗಬೇಕು, ಅದೂ ವರ್ಷಾನುವರ್ಷ. ಮೂತ್ರಪಿಂಡ ಕೆಟ್ಟ ಮಗು ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿರಬೇಕು. ಅಷ್ಟರಲ್ಲಿ ಊರಿನಲ್ಲಿ ಅದರ ಜೊತೆಯವರು ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ, ಕೂಡುವುದು ಮುಗಿಸಿ ಭಾಗಿಸುವುದಕ್ಕೆ ಹೋಗಿರುತ್ತಾರೆ. 2009ರಲ್ಲಿ ನಮ್ಮ ದೇಶ ಶಿಕ್ಷಣದ ಹಕ್ಕಿನ ಕಾಯಿದೆ ಮಾಡಿತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕಾಯಿತು. ಒಳ್ಳೆಯ ಕಾಯಿದೆ. ಆದರೆ ಕಾಯಿದೆಗೆ ಕಾಲಿಲ್ಲ. ಮಂಚದ ಬಳಿಗೆ ಅದನ್ನು ಯಾರಾದರೂ ಕೈಹಿಡಿದು ಕರೆತರಬೇಕು. ನಮ್ಮ ಊರಿನಲ್ಲಿಯೇ ಕಿದ್ವಾಯಿ ಆಸ್ಪತ್ರೆಯ ಮಕ್ಕಳ ನಡುವೆ ಸಮೀಕ್ಷಾ ಫೌಂಡೇಷನ್ ಎಂಬ ಸಂಸ್ಥೆಯವರು ಓದು, ಚಿತ್ರ, ಆಟಗಳ ಮೂಲಕ ಈ ಕೆಲಸ ಮಾಡುತ್ತ ಬಂದುದುಂಟು. ನಮ್ಮ ಟೀಚರಮ್ಮನದು ಅಷ್ಟು ದೊಡ್ಡ ಏರ್ಪಾಡಲ್ಲ. ಒಂದು ಕೋಣೆ, ಒಂದು ಹಲಗೆ, ಒಂದು ರಿಜಿಸ್ಟರು.

ಇನ್ನು ನನ್ನ ಮೊದಲ ಶನಿವಾರದ ವಿಚಾರ. ಅದನ್ನು ಬಿಟ್ಟುಬಿಡಬಹುದಾಗಿತ್ತು, ಆದರೆ ಸತ್ಯ ಹೇಳಬೇಕಲ್ಲ. ಹಿಂದಿನ ರಾತ್ರಿ ಎರಡು ಗಂಟೆ ಕುಳಿತು 'ಗಾದೆಗಳಲ್ಲಿ ಜನಜೀವನ' ಎಂಬ ವಿಷಯದ ಮೇಲೆ ಟಿಪ್ಪಣಿ ಮಾಡಿಕೊಂಡಿದ್ದೆ. ನನ್ನ ಪೀಠಿಕೆ ಹತ್ತು ನಿಮಿಷ ನಡೆಯಿತು. ಆಗ ಮುಂದಿನ ಸಾಲಿನ ಪೋರನೊಬ್ಬ ಕೈಯೆತ್ತಿ, "ಸಾರ್, ನಿಮ್ಮದು ಇನ್ನೂ ಎಷ್ಟೊತ್ತು? ನನ್ನ ಬಾಟಲಿ ಹನ್ನೊಂದೂವರೆಗೆ ಮುಗಿಯುತ್ತೆ" ಎಂದ. ತಲೆಯೆತ್ತಿ ನೋಡಿದೆ. ಬಾಟಲಿಯಲ್ಲಿ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ನನ್ನ ಉಪನ್ಯಾಸಕ್ಕಿಂತ ಅದರ ಗತಿಯೇ ಚುರುಕಾಗಿತ್ತು. ನಮ್ಮಕ್ಕನ ಮಗನಂತೂ ಸುಖವಾಗಿ ನಿದ್ದೆ ಹೋಗಿದ್ದ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ, "ಅಷ್ಟಾದರೂ ಉಪಕಾರವಾಯಿತಲ್ಲ, ಮಗುವಿಗೆ ನಿದ್ದೆ ಬಂತು" ಎಂದು ಸಮಾಧಾನ ಹೇಳಿದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಡವೆಂದರೂ ಮೂವತ್ತೈದು ವರ್ಷ ಹಿಂದಿನ ಒಂದು ಮಂಚ ಕಣ್ಣಮುಂದೆ ಬಂತು. ನಾಲ್ಕನೆಯ ತರಗತಿಯಲ್ಲಿದ್ದಾಗ ನನಗೆ ಕೀಲುಗಳು ಊದಿ ಜ್ವರ ಬಂದು, ಅದು ಹೃದಯವನ್ನೂ ಮುಟ್ಟೀತೆಂದು ಡಾಕ್ಟರು ತಿಂಗಳುಗಟ್ಟಲೆ ಮಲಗಿಸಿದ್ದರು. ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್. ನಮ್ಮ ಮನೆಗೆ ಶಾಲೆಯ ಗಂಟೆ ಕೇಳುತ್ತಿತ್ತು. ಮೊದಲ ಗಂಟೆಗೆ ಪ್ರಾರ್ಥನೆ, ಎರಡನೆಯದಕ್ಕೆ ಲೆಕ್ಕ, ಆಮೇಲೆ ಆಟದ ಬಿಡುವು, ಮಲಗಿದಲ್ಲಿಯೇ ಎಣಿಸಿಕೊಳ್ಳುತ್ತಿದ್ದೆ. ಇಂಜೆಕ್ಷನ್ನು ಅಷ್ಟು ನೋಯಲಿಲ್ಲ. ಆಟದ ಗಂಟೆ ನೋಯುತ್ತಿತ್ತು. ನೋಡಲು ಬಂದವರೆಲ್ಲ "ಜ್ವರ ಎಷ್ಟಿದೆ? ಊಟ ಸೇರುತ್ತಾ? ಹೊರಕ್ಕೆ ಹೋದನಾ?" ಎಂದು ಅಮ್ಮನನ್ನು ಕೇಳುತ್ತಿದ್ದರು. ಮಂಚದ ಮೇಲೆ ಒಂದು ಹೊಟ್ಟೆಯೂ ಎರಡು ಮಂಡಿಯೂ ಮಲಗಿವೆಯೆಂದು ಅವರ ಭಾವನೆ. ಅಜ್ಜಿಯೊಬ್ಬಳು ಮಾತ್ರ ಸಂಜೆ ಹೊತ್ತು ಬಂದು ಕಾಲ ಬಳಿ ಕುಳಿತು ಒಗಟು ಹಾಕುತ್ತಿದ್ದಳು. ಬಿಡಿಸಲಾರದಿದ್ದರೆ "ಊರು ಕೊಡು" ಎನ್ನುತ್ತಿದ್ದಳು. ಮಲಗಿದಲ್ಲೇ ನಾನು ತುಮಕೂರನ್ನೂ ತಿಪಟೂರನ್ನೂ ಅವಳಿಗೆ ದಾನ ಮಾಡಿದ್ದೇನೆ. ಮರುದಿನ ನನ್ನದೇ ಒಗಟು ಹಾಕಿ ಅವುಗಳನ್ನು ಗೆದ್ದುಕೊಂಡಿದ್ದೇನೆ. ವರ್ಷದ ಕೊನೆಗೆ ಎದ್ದು ಶಾಲೆಗೆ ಹೋದರೆ, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಶಾಯಿಯ ಗೀಟು. ಬಹುದಿನ ಬಾರದವನೆಂದು ಹೊಡೆದುಹಾಕಿದ್ದರು. ಮತ್ತೆ ಸೇರಿಸಿಕೊಂಡರು, ನಿಜ. ನನಗಿಂತ ಒಂದು ವರ್ಷ ಚಿಕ್ಕವರ ನಡುವೆ, ಕೊನೆಯ ಸಾಲಿನಲ್ಲಿ. ಇಂದಿಗೂ ಯಾವ ಹಾಜರಿ ಪುಸ್ತಕದಲ್ಲಾದರೂ ಕೆಂಪು ಗೀಟು ಕಂಡರೆ ನನಗೆ ಮಂಡಿ ನೋಯುತ್ತದೆ.

ಮುಂದಿನ ಶನಿವಾರ ಟಿಪ್ಪಣಿಯನ್ನು ಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಹೋದೆ. ಅಜ್ಜಿಯ ಒಗಟುಗಳನ್ನು ಒಂದೊಂದಾಗಿ ಹಾಕಿದೆ. ಬಿಡಿಸಿದರು, ಬಿಡಿಸಲಾರದಾಗ ಊರು ಕೊಟ್ಟರು. ಅರ್ಧ ಗಂಟೆಯಲ್ಲಿ ಗೌರಿಬಿದನೂರು, ಹಿಂದೂಪುರ, ದೇವನಹಳ್ಳಿ, ಬಂಗಾಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿಯವರ ಮಗಳಿಂದ ಮಾಲ್ದಾ, ಇಷ್ಟೂ ನನ್ನ ರಾಜ್ಯಕ್ಕೆ ಸೇರಿದವು. "ಈಗ ನಿಮ್ಮ ಸರದಿ. ಇಲ್ಲಿ ಕಣ್ಣಿಗೆ ಕಾಣುವುದರ ಮೇಲೆಯೇ ಒಗಟು ಕಟ್ಟಬೇಕು" ಎಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಬಾಟಲಿಯ ಪೋರನೇ ಆರಂಭಿಸಿದ:

"ಒಂಟಿ ಕಾಲಿನ ಅಜ್ಜ, ತಲೆ ಮೇಲೆ ನೀರಿನ ಕೊಡ, ಎಲ್ಲಿಗೆ ಹೋದರೂ ಬೆನ್ನು ಬಿಡ."

ಅವನ ಪಕ್ಕದಲ್ಲಿದ್ದ ಗ್ಲೂಕೋಸ್ ಕಂಬ ಎಂದು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ಮಗು, "ಕಂಕುಳಲ್ಲಿ ಕೂತು ಕೀ ಅನ್ನುತ್ತೆ, ಅದು ಹೇಳಿದ್ದನ್ನ ಡಾಕ್ಟ್ರೂ ನಂಬ್ತಾರೆ" ಎಂದಿತು. ಅದು ಜ್ವರ ನೋಡುವ ಥರ್ಮಾಮೀಟರು. ಮೂರನೆಯದು: "ಬಿಳಿ ಹಕ್ಕಿ, ರಾತ್ರಿಯೆಲ್ಲ ಹಾರುತ್ತೆ, ಕುಕ್ಕಿದರೆ ಅಳು ಬರುತ್ತೆ." ಇದಕ್ಕೆ ಉತ್ತರ ಬಾಗಿಲಲ್ಲಿಯೇ ನಿಂತು ಕೇಳುತ್ತಿತ್ತು. ಸಿಸ್ಟರು ನಕ್ಕುಬಿಟ್ಟರು. ಆ ದಿನ ಇಂಜೆಕ್ಷನ್ ಕೊಡುವಾಗ ಒಂದು ಮಗು ಅಳುತ್ತಲೇ "ಹಕ್ಕಿ, ಹಕ್ಕಿ" ಎಂದು ಕೂಗಿತಂತೆ. ನೋವು ಕಡಿಮೆಯಾಯಿತೆಂದು ನಾನು ಹೇಳಲಾರೆ, ಸೂಜಿ ಸೂಜಿಯೇ. ಆದರೆ ಚುಚ್ಚಿಸಿಕೊಳ್ಳುವ ಮಗುವಿನ ಕೈಯಲ್ಲೂ ಒಂದು ಮಾತು ಇತ್ತು. ಆಸ್ಪತ್ರೆಯಲ್ಲಿ ಮಗು ಎಲ್ಲವನ್ನೂ ಬೇರೆಯವರಿಂದ ತೆಗೆದುಕೊಳ್ಳಬೇಕು: ಮಾತ್ರೆ, ಸೂಜಿ, ಗಂಜಿ, ಕನಿಕರ. ಅದು ತಾನಾಗಿ ಕೊಡಬಹುದಾದದ್ದು ಏನೂ ಇರುವುದಿಲ್ಲ. ಒಗಟು ಹಾಕಿದ ಮಗು ಕೊಡುವ ಸ್ಥಾನದಲ್ಲಿ ಕುಳಿತಿತು. 'ಪಾಠ ಅಲ್ಲದ್ದು' ಎಂದು ಟೀಚರಮ್ಮ ಕೇಳಿದ್ದು ಏನನ್ನು ಎಂಬುದು ಅಂದು ನನಗೆ ಹೊಳೆಯಿತು.

ಆಮೇಲೆ ನನ್ನ ಉತ್ಸಾಹಕ್ಕೆ ಮೂಗುದಾರ ಹಾಕಬೇಕಾಯಿತು. ಜೇಡಿಮಣ್ಣು ತಂದು ಬೊಂಬೆ ಮಾಡಿಸುತ್ತೇನೆಂದೆ, ಸಿಸ್ಟರು ಬೇಡವೆಂದರು. ಕೆಲವು ಮಕ್ಕಳಿಗೆ ಸೋಂಕನ್ನು ತಡೆಯುವ ಶಕ್ತಿಯೇ ಇರುವುದಿಲ್ಲ, ಮಣ್ಣು ಕೂಡದು. ಹೂ ತರುತ್ತೇನೆಂದೆ, ಅದೂ ಕೂಡದು. ಚೌಕಾಬಾರಕ್ಕೆ ಹುಣಸೆಬೀಜ ತಂದೆ. ಸಣ್ಣ ಮಕ್ಕಳು ಮೂಗಿಗೆ ಹಾಕಿಕೊಂಡಾವೆಂದು ಅದನ್ನೂ ಕಿತ್ತುಕೊಂಡರು. ಕೊನೆಗೆ ರೆಕ್ಸಿನ್ ಬಟ್ಟೆಯ ಮೇಲೆ ಮನೆ ಬರೆದು, ದೊಡ್ಡ ಕವಡೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಆಟ ಮುಗಿದ ಮೇಲೆ ಎಲ್ಲವನ್ನೂ ಒರೆಸಿ ಇಡುವ ಒಪ್ಪಂದದ ಮೇಲೆ ಚೌಕಾಬಾರಕ್ಕೆ ಅನುಮತಿ ಸಿಕ್ಕಿತು. ಬಲಗೈಗೆ ಸೂಜಿ ಹಾಕಿದವರು ಎಡಗೈಯಲ್ಲಿ ಕವಡೆ ಬಿಡುತ್ತಾರೆ. ಎಡಗೈಯಲ್ಲಿ ಚಿತ್ರ ಬರೆಯುವುದಕ್ಕೂ ಕಲಿತರು. ಅವರೊಡನೆ ಸ್ಪರ್ಧಿಸಿ ನಾನು ಎಡಗೈಯಲ್ಲಿ ಬರೆದ ಆನೆಯನ್ನು ಎಲ್ಲರೂ ಒಮ್ಮತದಿಂದ ಇಸ್ತ್ರಿಪೆಟ್ಟಿಗೆ ಎಂದು ಗುರುತಿಸಿದರು.

ಆ ಕೋಣೆಗೊಂದು ಕಿಟಕಿಯಿದೆ. ಅದರಿಂದ ಹೆಬ್ಬಾಳದ ಮೇಲ್ಸೇತುವೆ, ಆಚೆ ಕೆರೆಯ ಒಂದು ತುಣುಕು, ವಿಮಾನನಿಲ್ದಾಣದ ಕಡೆಗೆ ಓಡುವ ವಾಹನಗಳ ಸಾಲು ಕಾಣುತ್ತವೆ. 2025ರ ಫೆಬ್ರುವರಿಯಲ್ಲಿ ಯಲಹಂಕದ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆದಾಗ ಸೂರ್ಯಕಿರಣ ತಂಡದ ವಿಮಾನಗಳು ಗುಂಪಾಗಿ ಬಾಗುತ್ತ ಹೋದುದನ್ನು ನೋಡಲು ಇಡೀ ಶಾಲೆ ಕಿಟಕಿಗೆ ಒತ್ತಿಕೊಂಡಿತ್ತು. ಮಂಚದಿಂದ ಏಳಲಾರದವರಿಗೆ ಎದ್ದವರು ವೀಕ್ಷಕ ವಿವರಣೆ ಕೊಡುತ್ತಿದ್ದರು. ಆ ಕಿಟಕಿಯ ಬಳಿ ನಿಂತಿದ್ದಾಗಲೇ ನನಗೆ ಟಾಗೂರರ 'ಡಾಕ್ ಘರ್' ನಾಟಕ ನೆನಪಾದದ್ದು. 1912ರಲ್ಲಿ ಪ್ರಕಟವಾದ ನಾಟಕ. ಅಮಲ್ ಎಂಬ ರೋಗಿ ಬಾಲಕ. ವೈದ್ಯರು ಹೊರಗೆ ಬಿಡಕೂಡದೆಂದಿದ್ದಾರೆ. ಅವನು ಕಿಟಕಿಯ ಬಳಿ ಕುಳಿತು ಮೊಸರು ಮಾರುವವನನ್ನೂ ಕಾವಲುಗಾರನನ್ನೂ ಹೂವಿನ ಹುಡುಗಿಯನ್ನೂ ಮಾತಿಗೆಳೆಯುತ್ತಾನೆ. ಎದುರಿಗೊಂದು ಅಂಚೆಕಚೇರಿ ಬಂದಿದೆ. ತನಗೂ ರಾಜನಿಂದ ಕಾಗದ ಬರುತ್ತದೆಂದು ಕಾಯುತ್ತಾನೆ. ಮೂವತ್ತು ವರ್ಷಗಳ ಮೇಲೆ, 1942ರ ಜುಲೈ 18ರಂದು, ನಾಜಿಗಳು ವಾರ್ಸಾ ನಗರದಲ್ಲಿ ಗೋಡೆ ಕಟ್ಟಿ ಯೆಹೂದ್ಯರನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಯಾನುಷ್ ಕೋರ್ಚಾಕ್ ಎಂಬ ವೈದ್ಯರ ಅನಾಥಾಲಯದ ಮಕ್ಕಳು ಇದೇ ನಾಟಕವನ್ನು ಆಡಿದರು. ಮರು ತಿಂಗಳು ಆ ಮಕ್ಕಳನ್ನೂ ಅವರನ್ನು ಬಿಟ್ಟಿರಲೊಲ್ಲದ ಆ ವೈದ್ಯರನ್ನೂ ರೈಲಿನಲ್ಲಿ ತುಂಬಿ ಸಾವಿನ ಶಿಬಿರಕ್ಕೆ ಕಳಿಸಿಬಿಟ್ಟರು. ಹಸಿವು ಸುತ್ತಲೂ ಬಾಯಿಬಿಟ್ಟಿದ್ದ ಹೊತ್ತಿನಲ್ಲಿ ಆ ವೈದ್ಯರು ಮಕ್ಕಳಿಗೆ ನಾಟಕವನ್ನೂ ಒದಗಿಸಿದ್ದರು ಎಂಬುದನ್ನು ನೆನೆದರೆ, ಹಾಡು ಕಥೆಗಳು ಹೊಟ್ಟೆ ತುಂಬಿದ ಮೇಲಿನ ಅಲಂಕಾರವೆಂದು ಹೇಳುವ ಬಾಯಿ ಕಟ್ಟಿಹೋಗುತ್ತದೆ. ಅಂದು ಸಂಜೆ ಮನೆಗೆ ಬರುವಾಗ ನಮ್ಮ ಬಡಾವಣೆಯ ಫಲಕವನ್ನು ಮೊದಲ ಬಾರಿಗೆ ಕಂಡಂತೆ ನೋಡಿದೆ.

ನಮ್ಮಕ್ಕನ ಮಗ ಮೂಳೆ ಕೂಡಿ ಊರಿಗೆ ಹೋದ. ಐದರ ಮಗ್ಗಿ ಉಳಿದಿತ್ತು. ಸಾಲದೆಂದು ಆರರದೂ ಜೊತೆಗೆ ಹೋಯಿತು. ನಾನು ಶನಿವಾರಗಳನ್ನು ಬಿಡಲಿಲ್ಲ. ಆ ಮೇಲಿನ ಒಂದು ಶನಿವಾರದ ಮಾತನ್ನು ಹೇಳುವುದಕ್ಕಾಗಿಯೇ ಇಷ್ಟು ಬರೆದದ್ದು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಓದಿ ಆಡಿಸುವುದೆಂದು ನಿಶ್ಚಯಿಸಿದ್ದೆ. ಬ್ರೌನಿಂಗ್ ಕವಿ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಥನಕವನ ತುಂಗೆಯ ದಡಕ್ಕೆ ಬಂದು ಅಚ್ಚ ಕನ್ನಡದ್ದಾದ ಕಥೆ ಅದು. ಗ್ಲೂಕೋಸ್ ಕಂಬವೇ ಕಿಂದರಿ. ಗಾಲಿಕುರ್ಚಿಯ ಹುಡುಗನೇ ಜೋಗಿ. ಉಳಿದವರೆಲ್ಲ ಇಲಿಗಳು. ಮುಖದ ಬಟ್ಟೆಯೊಳಗಿಂದ ಹನ್ನೊಂದು ಮಕ್ಕಳು ಕೀಚ್ ಕೀಚ್ ಎಂದರೆ ಎಂಥ ಗಲಭೆಯೆಂಬುದನ್ನು ಕೇಳಿಯೇ ತಿಳಿಯಬೇಕು. ಕೆಳಗಿನ ಮಹಡಿಯಿಂದ ಕಾವಲುಗಾರ ಓಡಿಬಂದ. ಇಲಿಗಳು ಹೊಳೆಗೆ ಬಿದ್ದವು, ಗೌಡ ಮಾತಿಗೆ ತಪ್ಪಿದ, ಜೋಗಿ ಮತ್ತೆ ಕಿಂದರಿ ಹಿಡಿದ, ಮಕ್ಕಳೆಲ್ಲ ಕುಣಿಯುತ್ತ ಅವನ ಬೆನ್ನು ಹತ್ತಿದರು. ಅಷ್ಟರಲ್ಲಿ ನನ್ನ ಬಾಯಿ ಒಣಗಿತು. ಮುಂದೆ ಬರುವುದು ಏನೆಂಬುದು ನನಗೆ ಆಗ ನೆನಪಾಯಿತು. ಮಕ್ಕಳೆಲ್ಲ ಬೆಟ್ಟದೊಳಕ್ಕೆ ಹೋಗಿ ಬಾಗಿಲು ಮುಚ್ಚುತ್ತದೆ. ಓಡಲಾರದ ಕುಂಟ ಹುಡುಗನೊಬ್ಬ ಹಿಂದೆ ಉಳಿಯುತ್ತಾನೆ.

ನನ್ನ ಎದುರಿಗೆ, ಊರುಗೋಲನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಗೌರಿಬಿದನೂರಿನ ಕಡೆಯ ಹನ್ನೊಂದು ವರ್ಷದ ಹುಡುಗ ಕುಳಿತಿದ್ದ. ಕಾಲಿನ ಮೂಳೆಗೆ ಸೋಂಕು ಹತ್ತಿ ಮೂರು ಸಲ ಶಸ್ತ್ರಚಿಕಿತ್ಸೆಯಾಗಿತ್ತು. ಒಂದು ಶಾಲಾವರ್ಷ ಅದರಲ್ಲೇ ಹೋಗಿತ್ತು. ಜೊತೆಯವರು ಆರನೆಯ ತರಗತಿಗೆ ಹೋಗಿದ್ದರು. ಇವನ ತಂದೆ, ಓದು ಹಿಡಿಯುವುದು ಕಷ್ಟವೆಂದು ತಾವೇ ಕೇಳಿಕೊಂಡು ಮಗನನ್ನು ಐದರಲ್ಲೇ ಉಳಿಸಿಸಿದ್ದರು. ಅವನು ಮಾತಾಡುವುದು ಕಡಿಮೆ. ಒಗಟಿಗೆ ಊರನ್ನು ಕೊಡುವಾಗ ಕೂಡ ತನ್ನೂರನ್ನು ಒಮ್ಮೆಯೂ ಕೊಟ್ಟವನಲ್ಲ.

ನಾನು ಕಳ್ಳತನ ಮಾಡಿದೆ. ಆ ಸಾಲುಗಳನ್ನು ನುಂಗಿ, ಪುಟ ಮಗುಚಿ, ಮುಂದಿನದಕ್ಕೆ ಹಾರಿದೆ. ಇಪ್ಪತ್ತು ವರ್ಷದ ಅಧ್ಯಾಪಕವೃತ್ತಿಯಲ್ಲಿ ಇಂಥ ಹಾರಾಟಗಳನ್ನು ಮಾಡದವನೇನೂ ಅಲ್ಲ. ಕಾಲೇಜಿನಲ್ಲಿ ಯಾರೂ ಹಿಡಿದಿರಲಿಲ್ಲ. ಇಲ್ಲಿ ರಕ್ತ ಹಾಕಿಸಿಕೊಳ್ಳಲು ಬಂದಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಒಂದು ಕಡೆ ಬಿಟ್ಟುಬಿಟ್ರಿ. ನಮ್ಮಣ್ಣ ಬಾಯಿಪಾಠ ಮಾಡ್ತಿದ್ದ, ನಂಗೊತ್ತು. ಕುಂಟ ಬರ್ತಾನೆ." ಕೋಣೆ ನಿಶ್ಶಬ್ದವಾಯಿತು. ಟೀಚರಮ್ಮ ನನ್ನನ್ನು ನೋಡಿದರು. ಬೇರೆ ದಾರಿಯಿರಲಿಲ್ಲ. ಪುಟವನ್ನು ಹಿಂದಕ್ಕೆ ತಿರುಗಿಸಿ, ತಲೆಯೆತ್ತದೆ ಓದಿ ಮುಗಿಸಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಊರುಗೋಲಿನ ಹುಡುಗ, ನನ್ನನ್ನು ನೋಡದೆ, ಪುಸ್ತಕವನ್ನು ನೋಡುತ್ತ ಕೇಳಿದ:

"ಸಾರ್, ಹೋದೋರು ಒಬ್ಬರೂ ವಾಪಸ್ ಬರಲಿಲ್ಲ ಅಲ್ವಾ?"

"ಇಲ್ಲ."

"ಹಂಗಾದ್ರೆ ಏನಾಯ್ತು ಅಂತ ಹೇಳೋಕೆ ಇವನೊಬ್ಬನೇ ತಾನೆ ಇದ್ದಿದ್ದು? ಇವನೂ ಓಡಿಹೋಗಿದ್ದಿದ್ರೆ, ಈ ಪದ್ಯ ಬರೆದೋರಿಗೆ ಯಾರು ಹೇಳ್ತಿದ್ರು?"

ನಾನು ಉತ್ತರ ಕೊಡಲಿಲ್ಲ. ಕೊಡಲು ಏನಿತ್ತು? ಕಾವ್ಯಮೀಮಾಂಸೆ ಹೇಳಿಕೊಡುವುದಕ್ಕೆ ಸಂಬಳ ತೆಗೆದುಕೊಳ್ಳುವ ನಾನು ಅಷ್ಟೊಂದು ಸಲ ಆ ಪದ್ಯವನ್ನು ಓದಿಯೂ, ಕುಂಟ ಹುಡುಗ ಪಾಪ ಹಿಂದೆ ಉಳಿದನೆಂದು ಮರುಗಿದ್ದೆನೇ ಹೊರತು, ಕಥೆ ನಮ್ಮವರೆಗೆ ಬರಲು ಅವನೇ ದಾರಿಯಾದನೆಂದು ತಿಳಿದಿರಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಾಲ್ಕನೆಯ ತರಗತಿಯ ಆ ಕಳೆದುಹೋದ ವರ್ಷವನ್ನು ನಾನು ಬದುಕಿನ ನಷ್ಟದ ಖಾತೆಗೆ ಬರೆದಿಟ್ಟಿದ್ದೆ. ಜೊತೆಯವರು ಆ ವರ್ಷ ಕಬಡ್ಡಿ ಆಡಿದರು. ನಾನು ಮಲಗಿ ಅಜ್ಜಿಯ ಬಾಯಿಂದ ಕನ್ನಡ ಕೇಳಿದೆ. ಇಂದು ನಾನು ಉಣ್ಣುವ ಅನ್ನ ಆ ಮಂಚದಲ್ಲಿ ಬಿತ್ತಿದ್ದು. 'ಕಾಯಿಲೆಯೂ ಒಳ್ಳೆಯದು' ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಯಾರಾದರೂ ಇದ್ದರೆ ಅವರಿಗೆ ಮೂರು ವಾರಕ್ಕೊಂದು ಪೆನಿಸಿಲಿನ್ ಚುಚ್ಚಿಸಬೇಕು. ಅಜ್ಜಿ ಕಾಲ ಬಳಿ ಬಂದು ಕೂರದೆ ಹೋಗಿದ್ದರೆ ಅದು ಬರಿಯ ನಷ್ಟವೇ ಆಗುತ್ತಿತ್ತು. ಹಿಂದೆ ಉಳಿದವನ ಪಕ್ಕದಲ್ಲಿ ಯಾರಾದರೂ ಕುಳಿತು ಅವನನ್ನು ಮಾತಾಡಿಸಬೇಕು. ಅಷ್ಟೇ ನಾನು ಕಂಡುಕೊಂಡದ್ದು.

ಮುಂದಿನ ವಾರ ಆ ಹುಡುಗ ಎರಡು ಹಾಳೆ ತುಂಬ ಬರೆದು ತಂದಿದ್ದ. ಬೊಮ್ಮನಹಳ್ಳಿಯ ಕುಂಟ ಹುಡುಗ ಮಾರನೆಯ ದಿನ ಶಾಲೆಗೆ ಹೋದದ್ದು, ಬೆಂಚುಗಳೆಲ್ಲ ಖಾಲಿಯಿದ್ದದ್ದು, ಮೇಷ್ಟ್ರು ಅವನೊಬ್ಬನಿಗೇ ಹಾಜರಿ ಕರೆದದ್ದು. ಕಾಗುಣಿತದ ತಪ್ಪು ಬೇಕಾದಷ್ಟಿದ್ದವು. ನಾನು ಪೆನ್ನನ್ನು ಜೇಬಿನಿಂದ ತೆಗೆಯಲಿಲ್ಲ. ಟೀಚರಮ್ಮ ಅದನ್ನು ಲಕೋಟೆಯಲ್ಲಿ ಹಾಕಿ, 'ಐದನೆಯ ತರಗತಿಯವರಿಗೆ' ಎಂದು ವಿಳಾಸ ಬರೆದು ಅವನ ಊರಿನ ಶಾಲೆಗೆ ಅಂಚೆಯಲ್ಲಿ ಕಳಿಸಿದರು. ಅಲ್ಲಿಂದ ಮುಂದೆ ನಮ್ಮ ಕೋಣೆಯೇ ಡಾಕ್ ಘರ್ ಆಯಿತು. ನಾನು ಬಾಗಿಲಲ್ಲಿ ಕಂಡರೆ ಸಾಕು, ಹನ್ನೊಂದು ಬಾಯಿ ಒಟ್ಟಿಗೆ "ಕಾಗದ ಬಂತಾ ಸಾರ್?" ಎನ್ನುತ್ತಿದ್ದವು.

ಮೂರನೆಯ ಶನಿವಾರ ಬಂತು. ಬರೆದವರು ಅವನ ಹಳೆಯ ಗೆಳೆಯರಲ್ಲ. ಅವರು ಆರಕ್ಕೆ ಹೋಗಿದ್ದರಲ್ಲ. ಈಗ ಐದರಲ್ಲಿರುವ, ಅವನಿಗಿಂತ ಚಿಕ್ಕ ಮಕ್ಕಳು ಬರೆದಿದ್ದರು. ಅದನ್ನು ಕಂಡು ನನಗೆ ಮತ್ತೆ ಮಂಡಿ ನೋಯಲು ತೊಡಗಿತು. ಕಾಗದದಲ್ಲಿ ಹೀಗಿತ್ತು: "ಅಣ್ಣ, ನೀನು ಬರೆದಿದ್ದನ್ನ ಮೇಷ್ಟ್ರು ಓದಿದರು. ಚೆನ್ನಾಗಿದೆ. ಆಮೇಲೆ ಏನಾಯಿತು? ಕಿಟಕಿ ಪಕ್ಕ ಜಾಗ ಇಟ್ಟಿದ್ದೀವಿ." ಹುಡುಗ ಅದನ್ನು ಎರಡು ಸಲ ಓದಿಕೊಂಡ. "ಆಮೇಲೆ ಏನಾಯ್ತು ಅಂತ ಕೇಳಿದ್ದಾರೆ" ಎಂದು ನನಗೆ ಹೇಳಿ, ಇನ್ನೊಂದು ಹಾಳೆ ಕೇಳಿ ಇಸಕೊಂಡ. ಅಂದು ಒಗಟಿನ ಆಟದಲ್ಲಿ ಸೋತಾಗ ತನ್ನೂರನ್ನು ಧಾರಾಳವಾಗಿ ಕೊಟ್ಟುಬಿಟ್ಟ.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಟೀಚರಮ್ಮನ ರಿಜಿಸ್ಟರನ್ನು ಒಮ್ಮೆ ತೆರೆದು ನೋಡಿದೆ. ಕೆಲವು ಹೆಸರುಗಳ ಮುಂದೆ 'ಊರಿಗೆ' ಎಂದು ಬರೆದಿತ್ತು. ಕೆಲವು ಹೆಸರುಗಳ ಮುಂದೆ ಒಂದು ದಿನದಿಂದಾಚೆಗೆ ಏನೂ ಇರಲಿಲ್ಲ. ಗುರುತಿಲ್ಲ, ಗೀಟಿಲ್ಲ, ಖಾಲಿ ಚೌಕಗಳ ಸಾಲು. ಏನೆಂದು ಕೇಳಲು ಬಾಯಿ ತೆರೆದು ಸುಮ್ಮನಾದೆ. ಆಕೆಯೇ ಹೇಳಿದರು: "ಹೆಸರು ಹೊಡೆಯೋದಿಲ್ಲ ಮೇಷ್ಟ್ರೇ. ಹಾಜರಿ ಕರೆಯೋವಾಗ ಮನಸ್ಸಿನಲ್ಲಿ ಕರೀತೀನಿ." ಆ ಖಾಲಿ ಚೌಕಗಳನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಕೆಂಪು ಶಾಯಿ ಎಲ್ಲಿಯೂ ಇರಲಿಲ್ಲ.

ಆ ದಿನ ಹೊರಗೆ ಬಂದಾಗ ಮಳೆ ಹಿಡಿದಿತ್ತು. ಮೇಲ್ಸೇತುವೆಯ ಕೆಳಗೆ ಒಂದು ಆಟೋ ಸಿಕ್ಕಿತು.

"ಎಲ್ಲಿಗೆ ಸಾರ್?"

ಏನನ್ನಿಸಿತೋ, "ರವೀಂದ್ರನಾಥ ಟಾಗೂರ್ ನಗರ" ಎಂದೆ.

ಆತ ತಿರುಗಿ ನೋಡಿದ. "ಅದೆಲ್ಲಿ ಬರುತ್ತೆ ಸಾರ್? ಹೊಸ ಲೇಔಟಾ?"

"ಇಲ್ಲೇ ಹತ್ತಿರ. ಆರ್.ಟಿ. ನಗರ ಗೊತ್ತೇನಪ್ಪ? ಅಲ್ಲಿಗೆ ನಡಿ. ಅಲ್ಲಿಂದ ನಾನು ದಾರಿ ತೋರಿಸುತ್ತೇನೆ."